ಹೆಸರಿಡಲು ಹಿಂಜರಿದ ನೂರು ದಿನ

ಎಲ್ಲೇ ಸಾಮೂಹಿಕ ಹತ್ಯೆ ನಡೆದರೂ ‘ಇದನ್ನು ನರಮೇಧ ಎನ್ನಬಹುದೇ’ ಎಂಬ ಚರ್ಚೆ ಮೊದಲು ಏಳುತ್ತದೆ. ತಡೆಯುವ ಹೊಣೆ ಯಾರದೆಂಬುದು ಆಮೇಲಿನ ಮಾತಾಗುತ್ತದೆ. ಈ ಅಭ್ಯಾಸದ ಬೇರು ಅರಿಯಲು, 1994ರಲ್ಲಿ ನೂರು ದಿನ ನರಮೇಧ ನಡೆದ ಆಫ್ರಿಕಾದ ರುವಾಂಡಾದ ಕಡೆ ತಿರುಗಬೇಕು.

‘ಜೆನೊಸೈಡ್’ (ನರಮೇಧ) ಎಂಬ ಪದವನ್ನು ಕಾನೂನು ತಜ್ಞ ರಾಫೆಲ್ ಲೆಮ್ಕಿನ್ 1944ರಲ್ಲಿ ಬಳಕೆಗೆ ತಂದರು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ನರಮೇಧ ಒಡಂಬಡಿಕೆಯು, ಶಿಕ್ಷಿಸುವುದಷ್ಟೇ ಅಲ್ಲ, ತಡೆಯುವುದೂ ರಾಷ್ಟ್ರಗಳ ಹೊಣೆ ಎಂದಿತು. ಮುಂದಿನ ನಾಲ್ಕು ದಶಕಗಳನ್ನು ಶೀತಲ ಸಮರ ನುಂಗಿತು. ಪೂರ್ವ ಪಾಕಿಸ್ತಾನದಲ್ಲೂ ಕಾಂಬೋಡಿಯಾದಲ್ಲೂ ಹತ್ಯೆ ನಿಂತದ್ದು ನೆರೆಯ ದೇಶದ ಸೇನೆ ಗಡಿ ದಾಟಿದ ಮೇಲೆ, ಒಡಂಬಡಿಕೆಯ ಬಲದಿಂದಲ್ಲ.

1994ರ ಜನವರಿ 11ರಂದು, ರುವಾಂಡಾದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥ ರೋಮಿಯೊ ಡಲೇರ್ ಅವರು ಮಾಹಿತಿದಾರನೊಬ್ಬನ ಮಾತನ್ನು ನ್ಯೂಯಾರ್ಕಿಗೆ ತಿಳಿಸಿದರು: ರಾಜಧಾನಿ ಕಿಗಾಲಿಯಲ್ಲಿರುವ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರ ಪಟ್ಟಿ ತಯಾರಾಗುತ್ತಿದೆ, 20 ನಿಮಿಷದಲ್ಲಿ 1,000 ಜನರನ್ನು ಕೊಲ್ಲಬಲ್ಲ ಪಡೆ ಸಜ್ಜಾಗಿದೆ. ಶಸ್ತ್ರಗಳನ್ನು ವಶಪಡಿಸಿಕೊಳ್ಳುವುದು ಪಡೆಗೆ ಕೊಟ್ಟ ಅಧಿಕಾರಕ್ಕೆ ಮೀರಿದ್ದು ಎಂಬ ಉತ್ತರ ಬಂತು. ಏಪ್ರಿಲ್ 6ರ ರಾತ್ರಿ ಅಧ್ಯಕ್ಷರ ವಿಮಾನ ಹೊಡೆದುರುಳಿಸಿದ ಬೆನ್ನಿಗೇ ರಸ್ತೆಗಳಲ್ಲಿ ಬಹುಸಂಖ್ಯಾತ ಹುಟು ಸಮುದಾಯದ ಉಗ್ರವಾದಿಗಳ ತಡೆಗಳೆದ್ದವು. ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ, ಟ್ವಾ ಎಂದು ಅಚ್ಚಾಗಿರುತ್ತಿತ್ತು; ಅನ್ವಯಿಸದ್ದಕ್ಕೆ ಅಡ್ಡಗೆರೆ. ಗೆರೆ ಬೀಳದೆ ಉಳಿದದ್ದು ‘ಟುಟ್ಸಿ’ ಎಂದಾದರೆ ಅಲ್ಲೇ ಕಡಿಯುತ್ತಿದ್ದರು. ಏಪ್ರಿಲ್ 11ರಂದು ಕಿಗಾಲಿಯ ಕಿಚುಕಿರೊದ ತಾಂತ್ರಿಕ ಶಾಲೆಯಿಂದ ವಿಶ್ವಸಂಸ್ಥೆ ಪಡೆಯ ಬೆಲ್ಜಿಯಂ ಯೋಧರು ಹೊರಟಾಗ, ಅವರನ್ನೇ ನಂಬಿ ಅಲ್ಲಿ ಸೇರಿದ್ದವರು ಸುಮಾರು 2,000. ಅವರಲ್ಲಿ ಹೆಚ್ಚಿನವರು ಅಂದೇ ಹತರಾದರು. ಹತ್ತು ದಿನ ಕಳೆದು ಭದ್ರತಾ ಮಂಡಳಿ ಪಡೆಯನ್ನು 270ಕ್ಕೆ ಇಳಿಸಿತು (ಹೆಚ್ಚಿಸಿತು ಎಂದು ಓದಿಕೊಂಡವರು ಮತ್ತೊಮ್ಮೆ ಓದಬೇಕು). ನರಮೇಧ ಎಂದು ಒಪ್ಪಿದರೆ ನಿಜಕ್ಕೂ ‘ಏನಾದರೂ ಮಾಡಬೇಕಾದೀತು’ ಎಂಬ ಆತಂಕ ಮೇ 1ರ ಅಮೆರಿಕದ ಆಂತರಿಕ ಟಿಪ್ಪಣಿಯೊಂದರಲ್ಲಿ ದಾಖಲಾಗಿದೆ. ಒಡಂಬಡಿಕೆಗೆ ಬುನಾದಿಯಾದ ಪದವೇ ಹೀಗೆ ನುಣುಚಿಕೊಳ್ಳುವ ದಾರಿಯಾಯಿತು. ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ.

2005ರಲ್ಲಿ ವಿಶ್ವಸಂಸ್ಥೆಯ ಶೃಂಗಸಭೆ, ಸ್ವಂತ ಸರ್ಕಾರ ಕಾಪಾಡದ ಜನರನ್ನು ಜಗತ್ತು ಕಾಪಾಡಬೇಕೆಂಬ ‘ರಕ್ಷಿಸುವ ಹೊಣೆ’ಯನ್ನು ಒಪ್ಪಿತು, 2011ರ ಲಿಬಿಯಾ ಕಾರ್ಯಾಚರಣೆ ಸರ್ಕಾರವನ್ನೇ ಉರುಳಿಸುವಲ್ಲಿ ಮುಗಿದ ಮೇಲೆ ಆ ಒಮ್ಮತ ಸಡಿಲವಾಯಿತು. ಇವೆರಡರ ನಡುವೆ, 2007ರಲ್ಲಿ, ಸರ್ಬಿಯಾದ ವಿರುದ್ಧ ಬೋಸ್ನಿಯಾ ಹೂಡಿದ್ದ ನರಮೇಧದ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ನೀಡಿದ ತೀರ್ಪು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ತಡೆಯುವ ಹೊಣೆ ಹುಟ್ಟುವುದು ಗಂಭೀರ ಅಪಾಯವಿದೆ ಎಂದು ತಿಳಿದಾಗ, ಇಲ್ಲವೇ ತಿಳಿದಿರಬೇಕಿದ್ದಾಗ ಎಂದು ಅದು ಹೇಳಿತು. ಆ ಅಳತೆಗೋಲು ಹಿಡಿದರೆ, ಕಿಗಾಲಿಯ ಲೆಕ್ಕ ಶುರುವಾಗುವುದು ಏಪ್ರಿಲ್‌ನಿಂದಲ್ಲ, ಜನವರಿಯಿಂದ.