ಹಳೇ ಸೆಂಟ್ರಿಯೋಲ್ ಸೀಳಿ ಹೊಸದು ಹುಟ್ಟುತ್ತಾ?

ಪ್ರಶ್ನೆ: ಜೀವಕೋಶ ಎರಡಾಗುವ ಮೊದಲು ಅದರ ಎರಡು ಸೆಂಟ್ರಿಯೋಲ್ ನಾಲ್ಕಾಗುತ್ತವೆ ಅಂತ ಪಿಯುಸಿಯಲ್ಲಿ ಓದಿದೆ. ಹೇಗೆ? ಹಳೆಯದೇ ಸೀಳುತ್ತಾ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಇಲ್ಲ, ಹಳೆಯದು ಹಾಗೇ ಇರುತ್ತದೆ. ಅದರ ಮಗ್ಗುಲಲ್ಲಿ ಹೊಸದು ಮೊಳೆಯುತ್ತದೆ. ಬಾಳೆ ಬುಡದಲ್ಲಿ ಕಂದು ಬರುತ್ತದಲ್ವಾ, ನೋಡಲು ಹಾಗೆ. ಆದರೆ ಕಂದು ತಾಯಿಗೆಡ್ಡೆಯದೇ ತುಂಡು. ಇಲ್ಲಿ ತಾಯಿ ಕೊಡುವುದು ಜಾಗ ಮಾತ್ರ. ಸಾಮಾನೆಲ್ಲ ಜೀವಕೋಶದ್ದು.

ಸೆಂಟ್ರಿಯೋಲ್ ಅಂದರೆ ಒಂದು ಪುಟ್ಟ ಪೀಪಾಯಿ. ನಮ್ಮ ಮೈಯಲ್ಲಿರುವಂಥ 2000 ಪೀಪಾಯಿ ಉದ್ದಕ್ಕೆ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ಅದರ ಗೋಡೆಯಲ್ಲಿ ಮೂರು ಮೂರು ಕೊಳವೆಗಳ 9 ಕಟ್ಟು.

ಡಿಎನ್‌ಎ ನಕಲು ಶುರುವಾಗುವ ಹೊತ್ತಿಗೆ ಪಿಎಲ್‌ಕೆ4 ಎಂಬ ಪ್ರೋಟೀನ್ ಕೆಲಸಕ್ಕಿಳಿಯುತ್ತದೆ. ಮೊದಲು ತಾಯಿಯ ಸುತ್ತ ಬಳೆಯ ಹಾಗೆ ಕೂರುತ್ತದೆ, ಆಮೇಲೆ ಒಂದೇ ಚುಕ್ಕೆಗೆ ಸೇರಿಕೊಳ್ಳುತ್ತದೆ. ಅಲ್ಲೇ ಪಾಯ. ಪಾಯಕ್ಕೆ ಬೇಕಾದ್ದು ಸ್ಯಾಸ್-6. ಇದರ ಎರಡೆರಡು ಅಣು ಬಾಲ ಹೆಣೆದುಕೊಂಡು ಜೋಡಿಯಾಗುತ್ತವೆ. 9 ಜೋಡಿಗಳು ತಲೆಗೆ ತಲೆ ಕೊಟ್ಟು ಉಂಗುರವಾದರೆ ಎತ್ತಿನ ಗಾಡಿ ಚಕ್ರ ಸಿದ್ಧ. ತಲೆಗಳೇ ಗುಂಬ, ಬಾಲಗಳೇ ಅರೆಕಾಲು. ಒಂದೊಂದು ಅರೆಕಾಲಿನ ತುದಿಗೆ ಒಂದೊಂದು ಕಟ್ಟು ಕೊಳವೆ ಏಳುತ್ತದೆ. 9 ಎಂಬ ಲೆಕ್ಕ ಎಲ್ಲಿಂದ ಬಂತು ಅಂತ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. 2011ರಲ್ಲಿ ಸ್ಯಾಸ್-6ರ ಆಕಾರ ಬಿಡಿಸಿ ನೋಡಿದಾಗ ಉತ್ತರದ ದೊಡ್ಡ ಪಾಲು ಅಲ್ಲೇ ಸಿಕ್ಕಿತು.

ತಾಯಿಗೆ ಒಂದು ಸಲಕ್ಕೆ ಒಂದೇ ಮರಿ. ಪಿಎಲ್‌ಕೆ4 ಜಾಸ್ತಿಯಾದರೆ ತಾಯಿಯ ಸುತ್ತ ಹೂವಿನ ಎಸಳಿನ ಹಾಗೆ ಮರಿಗಳು ಏಳುತ್ತವೆ. ಕೋಶ ಒಡೆಯುವಾಗ ಎಡವಟ್ಟಾಗುತ್ತದೆ. ಇನ್ನೊಂದು ಕಟ್ಟುಪಾಡೂ ಇದೆ. ಮರಿ ತಾಯಿಗೆ ಅಂಟಿಕೊಂಡಿರುವಷ್ಟು ದಿನ ಹೊಸ ಮರಿ ಇಲ್ಲ. ಕೂಸು ಸೊಂಟದಿಂದ ಇಳಿಯಬೇಕು, ಆಮೇಲೆ ಇನ್ನೊಂದು!

ತಾಯಿಯೇ ಇಲ್ಲದಿದ್ದರೆ? ನೀವು ಕೇಳಿಲ್ಲ, ಆದರೆ ನನಗೆ ಇದೇ ಇಷ್ಟದ ಭಾಗ. ಮನುಷ್ಯರ ಕೋಶದಲ್ಲಿದ್ದ ಸೆಂಟ್ರಿಯೋಲ್‌ಗಳನ್ನು ಲೇಸರ್‌ನಿಂದ ಸುಟ್ಟು ನೋಡಿದ್ದಾರೆ. ಕೋಶ ಹೊಸದನ್ನು ಕಟ್ಟಿಕೊಂಡಿತು, ಲೆಕ್ಕ ಮಾತ್ರ ತಪ್ಪಿತು.

ಇದೇ ಕೆಲಸ ನಿಮ್ಮೂರ ಜಂಬಿಟ್ಟಿಗೆ ಗೋಡೆ ಮೇಲೆ ಪ್ರತಿ ಮಳೆಗಾಲ ಸುಮ್ನೆ ನಡೆಯುತ್ತದೆ. ಜರೀಗಿಡದ ಮಾಮೂಲಿ ಕೋಶಗಳಲ್ಲಿ ಸೆಂಟ್ರಿಯೋಲ್ ಇಲ್ಲ. ಗಂಡು ಕೋಶ ತಯಾರಾಗುವಾಗ ಮಾತ್ರ ಮೊದಲು ಒಂದು ಉಂಡೆ ಮೂಡಿ, ಅದರಿಂದ ಹತ್ತಾರು ಸೆಂಟ್ರಿಯೋಲ್ ಹೊರಡುತ್ತವೆ. ಒಂದೊಂದರಿಂದ ಒಂದೊಂದು ಬಾಲ. ಆ ಬಾಲ ಬಡಿಯುತ್ತ ಅದು ಮಳೆನೀರಿನ ತೆಳು ಪದರದಲ್ಲಿ ಅಂಡದ ಕಡೆ ಈಜುತ್ತದೆ. ಪಕ್ಕದ ತೋಟದ ಅಡಿಕೆಗೆ ಈಜುವ ಗರಜೇ ಇಲ್ಲ, ಪರಾಗದ ಕೊಳವೆಯೇ ಗಂಡು ಕೋಶವನ್ನು ಒಯ್ದು ಮುಟ್ಟಿಸುತ್ತದೆ. ಹಾಗಾಗಿ ಅಡಿಕೆಗೆ ಸೆಂಟ್ರಿಯೋಲೂ ಇಲ್ಲ.

ಜುಲೈನಲ್ಲಿ ಬಾವಿಕಟ್ಟೆ ಬಗ್ಗಿ ನೋಡಿ. ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಎಲೆ ಕಂಡರೆ ಅದೇ ಜರೀಗಿಡದ ಹೆರಿಗೆಮನೆ. ಪಾಚಿ ಅಂತ ಕೆರೆದುಬಿಟ್ಟೀರಿ.