ಸೈಲೆನ್ಸರ್ ಆರೈಕೆ: ಹೊಳಪಿನ ಮಾತಿಗೆ ಮೊದಲು ನೀರಿನ ಮಾತು

ಬೈಕಿನ ಸೈಲೆನ್ಸರ್ ಶುಚಿ ಮಾಡೋಣ ಅಂದಕೂಡಲೇ ಕೈ ಪಾಲಿಷ್ ಡಬ್ಬಿಯತ್ತ ಹೋಗುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ. ಮೇಲೆ ಕನ್ನಡಿಯಂತೆ ಮಿನುಗುತ್ತಿದ್ದ ಪೈಪಿನ ತಳವನ್ನು ಒಮ್ಮೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ, ಅದು ಹಪ್ಪಳದಂತೆ ಮುರಿದು ಒಳಗೆ ಹೋಯಿತು. ತುಕ್ಕು ತಿಂದದ್ದು ಒಳಗಿನಿಂದ.

ಕಾರಣ ಪೆಟ್ರೋಲ್‌ನಲ್ಲೇ ಇದೆ. ಅದರ ಹೈಡ್ರೋಜನ್ ಉರಿದಾಗ ನೀರಾಗುತ್ತದೆ; ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಪೈಪ್ ಚೆನ್ನಾಗಿ ಕಾದಿದ್ದರೆ ಆವಿಯಾಗಿ ಹೊರಟುಹೋಗುತ್ತದೆ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ತಣ್ಣನೆಯ ಲೋಹಕ್ಕೆ ತಾಗಿ ಹನಿಗಟ್ಟಿ ತಳ ಸೇರುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳು ಬೆರೆತು ಆ ನೀರು ತುಸು ಆಮ್ಲವೂ ಆಗುತ್ತದೆ. ಹಾಗಾಗಿ ಬೈಕ್ ತೊಳೆದ ಮೇಲೆ ಸುಮ್ಮನೆ ಸ್ಟಾರ್ಟ್ ಮಾಡಿ ಆಫ್ ಮಾಡುವುದಕ್ಕಿಂತ ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬರುವುದು ಎಷ್ಟೋ ಮೇಲು.

ಅನೇಕ ಸೈಲೆನ್ಸರ್‌ಗಳ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ದೋಷವಲ್ಲ, ನೀರು ಇಳಿಯಲು ಬಿಟ್ಟ ದಾರಿ. ಅಂಟು ಹಾಕಿ ಮುಚ್ಚಬೇಡಿ. ಮಣ್ಣು ಕಟ್ಟಿದ್ದರೆ ಪೈಪ್ ತಣ್ಣಗಿರುವಾಗ ತೆಳು ತಂತಿಯಿಂದ ಬಿಡಿಸಿ.

ಈಗ ಹೊರಮೈ. ಲೋಹ ಯಾವುದೆಂದು ತಿಳಿಯದೆ ಉಜ್ಜಲು ಕೂರಬಾರದು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪದರ ಕಟ್ಟಿಕೊಂಡು ಉಕ್ಕನ್ನು ಕಾಯುತ್ತದೆ. ಇದನ್ನು ಸಾದಾ ಕಬ್ಬಿಣದ ನಾರಿನಿಂದ ತಿಕ್ಕಿದರೆ ಕಬ್ಬಿಣದ ಕಣಗಳು ಮೈಗೆ ಹತ್ತಿ, ಕೆಲವೇ ದಿನಗಳಲ್ಲಿ ಕಂದು ಚುಕ್ಕೆ ಏಳುತ್ತವೆ. ಬ್ಲೀಚ್ ಕೂಡ ಬೇಡ, ಕ್ಲೋರಿನ್ ಆ ಪದರವನ್ನು ಒಡೆಯುತ್ತದೆ. ಎಂಜಿನ್ ಬಳಿಯ ಬೆಂಡ್ ಪೈಪಿನ ಹೊಂಬಣ್ಣ, ನೇರಳೆ, ನೀಲಿಗಳು ಕೊಳೆಯಲ್ಲ. ಶಾಖಕ್ಕೆ ಆಕ್ಸೈಡ್ ಪದರ ದಪ್ಪವಾದಂತೆ ಬೆಳಕು ಅದರಲ್ಲಿ ಆಡುವ ಆಟ ಅದು. ನನಗಂತೂ ಆ ಬಣ್ಣ ಇಷ್ಟ. ಬೇಡವಾದವರು ಲೋಹದ ಪಾಲಿಷ್‌ನಿಂದ ತೆಗೆಯಬಹುದು, ಆದರೆ ಓಡಿಸಿದಂತೆ ಮತ್ತೆ ಬರುತ್ತದೆ.

ಕ್ರೋಮ್ ಲೇಪನದ ಮೇಲಿನ ಚುಕ್ಕೆ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಸಾಕು. ಉಂಡೆ ಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಕಂದು ಬಣ್ಣದ ರಾಡಿ ಏಳುತ್ತದೆ, ಅದನ್ನು ಒರೆಸಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೃದು, ಗೀರು ಬೀಳುವ ಭಯ ಕಡಿಮೆ. ಲೇಪನವೇ ಎದ್ದು ಹೋಗಿದ್ದರೆ ಯಾವ ಪಾಲಿಷ್ಷೂ ಅದನ್ನು ತಂದುಕೊಡದು. ಕಪ್ಪು ಬಣ್ಣದ ಪೈಪಿಗೆ ಸೋಪು ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಯಾವುದೇ ಪೈಪ್ ಇರಲಿ, ಕಾದಿರುವಾಗ ತಣ್ಣೀರು ಸುರಿಯಬೇಡಿ. ತೊಳೆಯುವಾಗ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಸ್ಟಾರ್ಟ್ ಮಾಡುವ ಮುನ್ನ ನೆನಪಿಟ್ಟು ತೆಗೆಯಿರಿ. ಕೊನೆಗೆ ಬೆರಳಿನ ಗುರುತು, ಎಣ್ಣೆ ಕಲೆಗಳನ್ನು ಒರೆಸಿಬಿಡಿ. ಹಾಗೇ ಬಿಟ್ಟರೆ ಶಾಖಕ್ಕೆ ಸುಟ್ಟು ಅಚ್ಚೊತ್ತುತ್ತವೆ.

ಒರೆಸುತ್ತಲೇ ಜಾಯಿಂಟ್‌ಗಳನ್ನು ನೋಡಿ. ಅಲ್ಲಿ ಮಸಿಯ ಗೆರೆ ಇದ್ದರೆ ಹೊಗೆ ಸೋರುತ್ತಿದೆ ಎಂದರ್ಥ. ಬೋಲ್ಟ್ ಬಿಗಿ ಮಾಡಿದರೂ ನಿಲ್ಲದಿದ್ದರೆ ಗ್ಯಾಸ್ಕೆಟ್ (ಜಾಯಿಂಟಿನ ಸಂದು ಮುಚ್ಚುವ ಬಳೆ) ಹೊಸದು ಹಾಕಬೇಕು. ಒಮ್ಮೆ ಅದುಮಿ ಚಪ್ಪಟೆಯಾದದ್ದು ಮತ್ತೆ ಸರಿಯಾಗಿ ಕೂರುವುದಿಲ್ಲ. ಸೋರಿಕೆ ಹುಡುಕಲು ಎಂಜಿನ್ ಓಡಿಸುವುದಾದರೆ ಬೈಕನ್ನು ಬಯಲಿಗೆ ತನ್ನಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಹೊಗೆಯಲ್ಲಿನ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.