ಬಸುರಿಯರು ಅನಾಟಮಿ ಮ್ಯೂಸಿಯಂ ನೋಡಬಾರದೇ?

ಪ್ರಶ್ನೆ: ರಜೆಯಲ್ಲಿ ಮಕ್ಕಳಿಗೆ ಮಣಿಪಾಲದ ಅನಾಟಮಿ (ದೇಹರಚನೆ) ಮ್ಯೂಸಿಯಂ ತೋರಿಸಬೇಕೆಂದಿದ್ದೇವೆ. ನನಗೀಗ ನಾಲ್ಕು ತಿಂಗಳು. ಅತ್ತೆ ಬೇಡವೇ ಬೇಡ ಅನ್ನುತ್ತಾರೆ. ನಾನು ಹೋಗಬಹುದೇ?

ಉತ್ತರ: ಧಾರಾಳವಾಗಿ. ಕಾಸರಗೋಡು ಕಡೆಯ ಪೆರ್ಲ, ಬದಿಯಡ್ಕ, ಉಪ್ಪಳ, ಎಲ್ಲಿಂದ ಪತ್ರ ಬಂದರೂ ಇದೇ ಪ್ರಶ್ನೆ. ಇನ್ನೊಮ್ಮೆ ಬರೆಯುತ್ತೇನೆ, ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿ.

ಅಲ್ಲಿ 3000ಕ್ಕೂ ಹೆಚ್ಚು ಮಾದರಿಗಳಿವೆ. ಮಕ್ಕಳು ಆನೆಯ ಅಸ್ಥಿಪಂಜರ ಬಿಟ್ಟು ಕದಲುವುದಿಲ್ಲ. ಇಂಥ ಕಡೆ ದೊಡ್ಡವರ ಗುಸುಗುಸು ಶುರುವಾಗುವುದು ಭ್ರೂಣದ ಜಾಡಿಗಳ ಮುಂದೆ. ತಲೆಬುರುಡೆಯ ಮೇಲ್ಭಾಗವೇ ಇಲ್ಲದ ಮಗು: ಹುಬ್ಬಿನ ಮೇಲೆ ಹಣೆ ಮುಗಿದೇ ಹೋಗಿರುತ್ತದೆ, ಕಣ್ಣುಗುಡ್ಡೆ ಮುಂದಕ್ಕೆ ಬಂದಿರುತ್ತದೆ. ಬಸುರಿ ಅದನ್ನು ಕಂಡರೆ ಹೊಟ್ಟೆಯೊಳಗಿನದ್ದೂ ಹಾಗೇ ಆಗುತ್ತದಂತೆ!

ಸ್ವಲ್ಪ ಲೆಕ್ಕ ಹಾಕಿ. ಮಿದುಳು, ಬೆನ್ನುಹುರಿ ಆಗಬೇಕಾದ ನಳಿಕೆ ಗರ್ಭ ನಿಂತ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಮೇಲಿನ ತುದಿ ಮುಚ್ಚದೆ ಉಳಿದರೆ ಈ ಗತಿ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ಒಮ್ಮೆ ಮುಚ್ಚಿದ್ದು ನಾಲ್ಕನೇ ತಿಂಗಳಲ್ಲಿ ಜಾಡಿ ನೋಡಿದ್ದಕ್ಕೆ ಬಿಚ್ಚಿಕೊಳ್ಳುತ್ತದೆಯೇ? ತಾಯಿಯ ನರ ಮಗುವಿನ ಮೈಗೆ ಕೂಡಿಕೊಂಡೇ ಇಲ್ಲ. ಅಪಾಯ ತಗ್ಗಿಸುವುದು ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಆ ಮಾತ್ರೆಯ ಬಗ್ಗೆ ಯಾವ ಅತ್ತೆಯೂ ಕೇಳಿ ಬರೆದಿಲ್ಲ.

ಅತ್ತೆಯಂದಿರನ್ನೇ ದೂರುವುದೂ ಸರಿಯಲ್ಲ. 1726ರಲ್ಲಿ ಇಂಗ್ಲೆಂಡಿನ ಮೇರಿ ಟಾಫ್ಟ್, ಬಸುರಿಯಿದ್ದಾಗ ಮೊಲ ಅಟ್ಟಿಸಿಕೊಂಡು ಹೋದೆ, ಅದಕ್ಕೇ ಮೊಲ ಹೆತ್ತೆ ಎಂದಾಗ ಅರಸನ ಸರ್ಜನ್ನೇ ನಂಬಿದ್ದ. ಕಡೆಗೆ ಮೋಸವೆಂದು ಅವಳೇ ಒಪ್ಪಿಕೊಂಡಳು. ಆದರೆ ಗೇರುತೋಟದ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ, ಮಕ್ಕಳ ಅಂಗವೈಕಲ್ಯಕ್ಕೆ ಅದೇ ಕಾರಣವೆಂದು 2011ರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬರುವವರೆಗೆ ಹೋರಾಡಿದ ಕಾಸರಗೋಡಿನವರು ಇನ್ನೂ ‘ತಾಯಿ ಏನನ್ನು ನೋಡಿದಳೋ’ ಅನ್ನುವುದೇ ಮಾರಾಯ್ರೆ?

ಜಾಡಿಗಳು ಮುಚ್ಚಿರುತ್ತವೆ. ಮಾದರಿ ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಘಾಟಿಗೆ ಕಣ್ಣು ಉರಿದರೆ, ವಾಕರಿಕೆ ಬಂದರೆ ಹೊರಗೆ ಬಂದುಬಿಡಿ, ಅಷ್ಟೇ.

ಇಷ್ಟೆಲ್ಲ ಕೇಳುವವರು ಅನಾಟಮಿ ಕಲಿಸಲು ಮೆಡಿಕಲ್ ಕಾಲೇಜಿಗೆ ದೇಹ ಎಲ್ಲಿಂದ ಬರುತ್ತದೆಂದು ಮಾತ್ರ ಕೇಳುವುದಿಲ್ಲ. ದಾನದಿಂದ, ಇಲ್ಲವೇ ವಾರಸುದಾರರಿಲ್ಲದ ಶವಗಳಿಂದ. ಕೇರಳದ 1957ರ ಅನಾಟಮಿ ಕಾಯಿದೆಯಂತೆ ದೇಹದಾನವನ್ನು ಬರೆದಿಡಬಹುದು. ಕೊನೆಯ ಕಾಯಿಲೆಯಲ್ಲಿ ಇಬ್ಬರು ಸಾಕ್ಷಿಗಳೆದುರು ಬಾಯಿಮಾತಲ್ಲಿ ಹೇಳಿದರೂ ನಡೆಯುತ್ತದೆ. ಕಣ್ಣು ದಾನ ಮಾಡಿದ್ದರೆ ತೊಂದರೆಯಿಲ್ಲ, ಪೋಸ್ಟ್‌ಮಾರ್ಟಂ ಆಗಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಬರೆದಿಟ್ಟವರು ಮಕ್ಕಳಿಗೂ ಹೇಳಿಡಿ. ಆ ದಿನ ಕಾಲೇಜಿಗೆ ಫೋನ್ ಮಾಡಬೇಕಾದವರು ಅವರು.